ಹಾಳೆಯ ಟೊಪ್ಪಿಯೊಳಗಿನ ಮುಖ

ಮಾಗೋಡಿನ ಕೆರಿಯಪ್ಪ ಮಗಳು ಗಿರಿಜೆಗೆ ಬುದ್ಧಿ ಬಂದಾಗಿನಿಂದ ಹೇಳಿಕೊಂಡು ಬಂದದ್ದು ಒಂದೇ ಮಾತು: "ನಿನ್ನ ಅವ್ವನ ಮುಖ ಸಿನಿಮಾದಲ್ಲಿ ಉಂಟು. ಒಂದಲ್ಲ ಒಂದು ದಿನ ತೋರಿಸ್ತೆ." ಗಿರಿಜೆ ತೊಟ್ಟಿಲಲ್ಲಿರುವಾಗಲೇ ತಾಯಿ ಮಂಜಿ, ಜ್ವರ ಬಂದು ತೀರಿಕೊಂಡಿದ್ದಳು. ಮನೆಯಲ್ಲಿ ಅವಳದೊಂದು ಫೋಟೋ ಇರಲಿಲ್ಲ. ಕೆರಿಯಪ್ಪ ಇನ್ನೊಂದು ಮದುವೆಯಾಗದೆ ಮಗಳನ್ನು ಒಬ್ಬನೇ ಸಾಕಿ, ಕಾನಸೂರಿಗೆ ಕೊಟ್ಟು ಮದುವೆ ಮಾಡಿದ.

ಸಿನಿಮಾದ ಮಾತು ಸುಳ್ಳಲ್ಲ. ಗಿರಿಜೆ ಹುಟ್ಟುವ ಹಿಂದಿನ ವರ್ಷ ಮಾಗೋಡಿನ ಹೊಳೆಯ ಬಂಡೆಗಳ ಮೇಲೆ ಬೇರೆ ಗ್ರಹದವರ ಕಥೆಯೊಂದರ ಶೂಟಿಂಗ್ ನಡೆದಿತ್ತು. ಆಕಾಶದಿಂದ ಇಳಿದವಳ ಶಿರಸ್ತ್ರಾಣ ಲಾರಿಯಲ್ಲಿ ಬರುವಾಗಲೇ ಒಡೆದು, ನಿರ್ದೇಶಕ ತಲೆಮೇಲೆ ಕೈಹೊತ್ತು ಕೂತಿದ್ದ. ಆಗ ಅವನ ಕಣ್ಣಿಗೆ ಬಿದ್ದದ್ದು ತೋಟದ ಆಳುಗಳ ತಲೆಯ ಮೇಲಿನ ಅಡಿಕೆ ಹಾಳೆಯ ಟೊಪ್ಪಿ. ಅದನ್ನು ಕಟ್ಟುವುದರಲ್ಲಿ ಕೆರಿಯಪ್ಪನದು ಎತ್ತಿದ ಕೈ. ಹಾಳೆ ನೆನೆಸಿ, ಮಡಚಿ, ಹೊಲಿದು, ಬೆಳ್ಳಿ ಬಣ್ಣ ಬಳಿದು ಕೊಟ್ಟ. ಜಾರುವ ಬಂಡೆ ಇಳಿಯಲು ನಾಯಕಿ ಒಲ್ಲೆನೆಂದಾಗ ಆ ವೇಷ ಮಂಜಿಯ ಪಾಲಿಗೆ ಬಂತು. ಹೆಂಡತಿ ಊರವರ ಬಾಯಿಗೆ ಬೀಳಬಾರದೆಂದು ಕೆರಿಯಪ್ಪ ಟೊಪ್ಪಿಯನ್ನು ಗದ್ದದ ತನಕ ಇಳಿಸಿ, ಕಣ್ಣಿಗೆ ಎರಡು ಸೀಳು ಮಾತ್ರ ಬಿಟ್ಟು ಹೊಲಿದ. ಕೊನೆಯ ದಿನ ಅವಳು ಟೊಪ್ಪಿ ತೆಗೆದು, ಬೆವರು ಒರೆಸಿಕೊಂಡು, ಕ್ಯಾಮೆರಾದ ಕಡೆ ನಕ್ಕಿದ್ದಳು. "ಇದೂ ಸಿನಿಮಾದಲ್ಲಿ ಬರುತ್ತೆ" ಎಂದಿದ್ದ ಕ್ಯಾಮೆರಾದವನು. ಆ ಮಾತು ನಂಬಿಕೊಂಡೇ ಕೆರಿಯಪ್ಪ ಮುದುಕನಾದ. ಸಿನಿಮಾ ಯಲ್ಲಾಪುರಕ್ಕೂ ಬರಲಿಲ್ಲ, ಶಿರಸಿಗೂ ಬರಲಿಲ್ಲ.

ಮೊನ್ನೆ ಗಿರಿಜೆಯ ಮಗಳು ಭೂಮಿಕಾ ಅದನ್ನು ಫೋನಿನಲ್ಲಿ ಹುಡುಕಿ ತೆಗೆದಳು. ಕೆರಿಯಪ್ಪ ಬಸ್ಸು ಹಿಡಿದು ಕಾನಸೂರಿಗೆ ಬಂದ. ಭಾನುವಾರ ಊಟವಾದ ಮೇಲೆ ಮೂವರೂ ಟಿವಿಯ ಮುಂದೆ ಕೂತರು. ಗಿರಿಜೆ ಹೊಸ ಸೀರೆ ಉಟ್ಟಿದ್ದಳು. ತಾಯಿಯನ್ನು ಮೊದಲ ಸಲ ನೋಡುವವಳು ಇನ್ನೇನು ಉಟ್ಟಾಳು?

ಸಿನಿಮಾ ಹಳತಾಗಿದೆ ಎಂದರೆ ಅದಕ್ಕೆ ಮರ್ಯಾದೆ ಕೊಟ್ಟ ಹಾಗೆ. ಹೊಸದಿದ್ದಾಗಲೂ ಅದು ನೆಟ್ಟಗಿದ್ದಿರಲಾರದು. ಹಾರುವ ತಟ್ಟೆಯೆಂದರೆ ಎರಡು ಬೋಗುಣಿ ಕವುಚಿ ಅಂಟಿಸಿದ್ದು, ಕಟ್ಟಿದ ದಾರ ಎದ್ದು ಕಾಣುತ್ತಿತ್ತು. ಕಂಪ್ಯೂಟರೆಂಬ ಡಬ್ಬಿಯಲ್ಲಿ ಮದುವೆಮನೆಯ ಬಲ್ಬುಗಳು ಮಿಣುಕುತ್ತಿದ್ದವು. ಬೇರೆ ಗ್ರಹದಲ್ಲಿ ಕಾಗೆ ಕೂಗಿತು. ಭೂಮಿಕಾ ಬಿದ್ದು ಬಿದ್ದು ನಕ್ಕಳು. ಅಷ್ಟರಲ್ಲಿ ಹೊಳೆಯ ಬಂಡೆಯ ಮೇಲೆ ಆಕಾಶದಿಂದ ಇಳಿದವಳು ಕಾಣಿಸಿಕೊಂಡಳು.

"ಅಜ್ಜ, ಅವಳ ತಲೆ ಮೇಲಿರೋದು ಹಾಳೆ ಅಲ್ದಾ? ನಾರೆಲ್ಲಾ ಕಾಣ್ತದೆ."

"ಹೌದು, ನಾನೇ ಕಟ್ಟಿದ್ದು. ಅವಳೇ ನಿನ್ನ ಅಜ್ಜಿ."

ಭೂಮಿಕಾಳ ನಗು ನಿಂತಿತು. ಬೆಳ್ಳಿ ನಿಲುವಂಗಿಯ ಹೆಂಗಸು, ಕೆಸರುಗದ್ದೆ ದಾಟುವವಳ ಹಾಗೆ ಅಂಚು ಎತ್ತಿಹಿಡಿದು, ಬಂಡೆಯಿಂದ ಬಂಡೆಗೆ ಕಾಲಿಡುತ್ತ ಬಂದಳು. ಗಿರಿಜೆ ಮುಂದಕ್ಕೆ ಸರಿದು ಕೂತಳು. ಹೆಂಗಸು ಹತ್ತಿರ ಬಂದು ಎರಡೂ ಕೈಯಿಂದ ಟೊಪ್ಪಿ ಎತ್ತಿದಳು. ಒಳಗಿದ್ದದ್ದು ನಾಯಕಿಯ ಮುಖ. ಹಣೆಯ ಮೇಲೆ ಒಂದು ಹನಿ ಬೆವರಿರಲಿಲ್ಲ.

"ಇವಳಾ?" ಎಂದಳು ಗಿರಿಜೆ.

"ಅಲ್ಲ. ತಡಿ, ಮುಂದೆ ಬರ್ತದೆ."

ಮುಂದೆ ಬರಲಿಲ್ಲ. ತಟ್ಟೆ ದಾರದ ಮೇಲೆ ತೂಗಾಡುತ್ತ ಆಕಾಶಕ್ಕೆ ಹೋಯಿತು.

"ಇನ್ನೂ ಉಂಟೇನೋ ನೋಡು, ಮಗಾ."

"ಮುಗೀತು ಅಜ್ಜ."

ಕೆರಿಯಪ್ಪ ಇಷ್ಟು ವರ್ಷ ಮಗಳಿಗೆಂದು ಇಟ್ಟುಕೊಂಡಿದ್ದ ಒಂದೇ ಆಸ್ತಿ ಹೋಗಿತ್ತು.

ಗಿರಿಜೆ ಸಿನಿಮಾವನ್ನು ಹಿಂದಕ್ಕೆ ಓಡಿಸಲು ಹೇಳಿ, ಬಂಡೆಯ ಮೇಲಿನ ಹೆಂಗಸನ್ನು ನಿಲ್ಲಿಸಿದಳು. ಎದ್ದು ಹೋಗಿ ಟಿವಿಯ ಮೇಲೆ, ಆ ಎರಡು ಸೀಳುಗಳ ಮೇಲೆ ಬೆರಳಿಟ್ಟಳು.

"ಕಣ್ಣೂ ಕಾಣೂದಿಲ್ಲ" ಎಂದಳು. "ಇಷ್ಟು ಚೊಕ್ಕ ಹೊಲಿಬೇಕಿತ್ತಾ ಅಪ್ಪ?"

ಅವಳು ಸಿಟ್ಟಿನಿಂದ ಕೇಳಲಿಲ್ಲ.