ಬೇಕಂತ ಹೊಡೆದಳೇ

ನನ್ನ ಎಡಗಣ್ಣಿಗೆ ಈಗ ಬೆಳಕು ಮಾತ್ರ ಗೊತ್ತಾಗುತ್ತದೆ. ಬಾಗಿಲು ತೆರೆದಿದೆಯೋ ಮುಚ್ಚಿದೆಯೋ ಹೇಳಬಲ್ಲೆ; ಬಾಗಿಲಲ್ಲಿ ನಿಂತವರು ಯಾರೆಂದು ಹೇಳಲಾರೆ. ಹುಮನಾಬಾದಿನಲ್ಲಿ ನನ್ನ ಗುರುತಿನವರು ಒಬ್ಬರೂ ಬಿಡದೆ ಈ ಕಣ್ಣನ್ನು ನೋಡಿ ಒಂದೇ ಪ್ರಶ್ನೆ ಕೇಳಿದ್ದಾರೆ. ತರಕಾರಿ ಕೊಳ್ಳುವಾಗ ಕೇಳಿದ್ದಾರೆ, ಮಾಣಿಕನಗರದ ಆಟೋದಲ್ಲಿ ಪಕ್ಕದಲ್ಲಿ ಕೂತವರು ಕೇಳಿದ್ದಾರೆ.

"ಆ ಹುಡುಗಿ ಬೇಕಂತ ಹೊಡದ್ಳೇನ್ರಿ ಮೇಡಂ?"

ಗೊತ್ತಿಲ್ಲ ಎನ್ನುತ್ತೇನೆ. ಕೆಲವರು ನಗುತ್ತಾರೆ, ಕೆಲವರು ನನ್ನ ದೊಡ್ಡ ಮನಸ್ಸನ್ನು ಹೊಗಳುತ್ತಾರೆ. ನನಗೆ ನಿಜಕ್ಕೂ ಗೊತ್ತಿಲ್ಲವೆಂದು ನಂಬಿದ್ದು ಒಬ್ಬಳೇ. ಅದು ಆ ಹುಡುಗಿ.

ನಾನು ಹುಮನಾಬಾದಿನ ಹೈಸ್ಕೂಲೊಂದರಲ್ಲಿ ದೈಹಿಕ ಶಿಕ್ಷಣದ ಟೀಚರು. ರಜೆಯ ದಿನಗಳಲ್ಲಿ ಸುತ್ತಮುತ್ತಲಿನ ಹಾಕಿ ಪಂದ್ಯಗಳಿಗೆ ಅಂಪೈರ್ ಆಗಿ ಹೋಗುತ್ತಿದ್ದೆ. ನಮ್ಮ ಕಡೆ ಹಾಕಿ ಆಡುವ ಹೆಣ್ಣುಮಕ್ಕಳು ಕಡಿಮೆ, ಆಡಿಸುವವರು ಇನ್ನೂ ಕಡಿಮೆ. ಹೀಗಾಗಿ ಎಲ್ಲರಿಗೂ ಎಲ್ಲರ ಪರಿಚಯ. ಆ ಹುಡುಗಿಯನ್ನು ಅವಳು ಹೈಸ್ಕೂಲಿನಲ್ಲಿದ್ದಾಗಿಂದ ನೋಡಿದ್ದೆ. ಮಂಠಾಳ ಕಡೆಯವಳು. ತಂದೆ ಇಲ್ಲ, ತಾಯಿ ಕಂಡವರ ಹೊಲಕ್ಕೆ ಕೆಲಸಕ್ಕೆ ಹೋಗುತ್ತಾಳೆ. ಮೊದಲ ಸಲ ಕಂಡಾಗ ಅವಳ ಸ್ಟಿಕ್ಕಿನ ಹಿಡಿಗೆ ಸೈಕಲ್ ಟ್ಯೂಬು ಸುತ್ತಿತ್ತು. ಅದರಿಂದಲೇ ಅವಳು ಹೊಡೆದ ಚೆಂಡು ಗೋಲಿನ ಹಿಂದಿನ ಹಲಗೆಗೆ ಬಡಿದ ಸಪ್ಪಳಕ್ಕೆ, ಮೈದಾನದ ಆಚೆ ಕಡಲೆಗಿಡದ ಕಾಯಿ ಬಿಡಿಸುತ್ತ ಕೂತಿದ್ದ ಹೆಂಗಸರು ತಿರುಗಿ ನೋಡಿದ್ದರು. ಬಸವಕಲ್ಯಾಣದ ಕಾಲೇಜು ಸೇರಿದ ಮೇಲೆ ಅವಳು ಇನ್ನೂ ಗಟ್ಟಿಯಾದಳು. ರಾಜ್ಯ ತಂಡದ ತರಬೇತಿಗೆ ಹುಡುಗಿಯರನ್ನು ಆರಿಸುವವರ ಎದುರು ಅವಳ ಹೆಸರು ಎತ್ತಿದವಳು ನಾನೇ. ಇದು ಅವಳಿಗೂ ಗೊತ್ತಿತ್ತು.

ಆ ಪಂದ್ಯ ನಡೆದದ್ದು ಬಸವಕಲ್ಯಾಣದಲ್ಲಿ, ಸಣ್ಣ ಕಲ್ಲು ಬೆರೆತ ಮುರುಮು ಮಣ್ಣಿನ ಮೈದಾನದಲ್ಲಿ. ಆರಿಸುವವರು ಶಾಮಿಯಾನದ ಕೆಳಗೆ ಕೂತಿದ್ದರು. ಆಟ ಮುಗಿಯುತ್ತ ಬಂದಾಗ ಅವಳು ಒಂದು ಗೋಲು ಹೊಡೆದಳು. ಹಾಕಿಯಲ್ಲಿ ಗೋಲಿನ ಮುಂದೆ ಬಳಿದ ಅರ್ಧ ವೃತ್ತದ ಒಳಗಿನಿಂದ ಹೊಡೆದರೆ ಮಾತ್ರ ಗೋಲು. ಅವಳು ಹೊಡೆದದ್ದು ಗೆರೆಯ ಹೊರಗಿನಿಂದ. ನಾನು ಹತ್ತಿರವೇ ಇದ್ದೆ, ಚೆನ್ನಾಗಿ ನೋಡಿದ್ದೆ. ಸೀಟಿ ಊದಿ ಗೋಲು ಇಲ್ಲವೆಂದೆ.

ಅವಳು ಓಡಿ ಬಂದಳು. "ಒಳಗಿಂದನೇ ಹೊಡದೀನ್ರಿ ಮೇಡಂ."

"ಹೊರಗಿಂದ. ಆಡ ನಡಿ."

"ಮೇಡಂ, ಅವ್ರು ನೋಡಾಕತ್ಯಾರ್ರಿ. ಜರಾ ವಿಚಾರ ಮಾಡ್ರಿ."

"ಅವ್ರ ನೋಡಿದ್ರ ಗೆರಿ ಸರೀತದೇನು? ನಡಿ."

ಅವಳು ಕದಲದೆ ನಿಂತಳು. ಜೊತೆಯವಳೊಬ್ಬಳು ತೋಳು ಹಿಡಿದು ಎಳೆದುಕೊಂಡು ಹೋದಳು. ಹೋಗುತ್ತ ಹುಡುಗಿ ಏನೋ ಅಂದಳು, ನನಗೆ ಕೇಳಲಿಲ್ಲ. ಆಮೇಲೆ ಅದನ್ನು ಕೇಳಿಸಿಕೊಂಡೆವು ಎಂದವರು ಒಬ್ಬೊಬ್ಬರು ಒಂದೊಂದು ಹೇಳಿದರು.

ಸ್ವಲ್ಪ ಹೊತ್ತಿಗೆ ಚೆಂಡು ಪಕ್ಕದ ಗೆರೆಯ ಹತ್ತಿರ ಅವಳಿಗೆ ಸಿಕ್ಕಿತು. ನಾನು ಗೆರೆಯ ಆಚೆ, ಅವಳಿಗೆ ಎದುರಾಗಿ ನಿಂತಿದ್ದೆ. ಅವಳು ತಲೆ ಎತ್ತಿ ನಾನಿದ್ದ ಕಡೆ ನೋಡಿದಳು, ಸ್ಟಿಕ್ಕು ಮೇಲೆತ್ತಿದಳು. ಕಟ್ಟಿಗೆಯ ಸಪ್ಪಳ ನೆನಪಿದೆ. ಚೆಂಡು ಬಂದದ್ದು ನೆನಪಿಲ್ಲ. ಬಾಯಿಗೆ ಮಣ್ಣು ಸೇರಿತ್ತು, ಯಾರೋ ನನ್ನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದರು, ಅವರ ಕೈ ನನ್ನ ಹಣೆಯನ್ನು ಒತ್ತಿ ಹಿಡಿದಿತ್ತು. ಆ ಕೈ ಅವಳದೇ ಎಂದು ಮರುದಿನ ತಿಳಿಯಿತು.

ಸೋಲಾಪುರದ ಕಣ್ಣಿನ ಆಸ್ಪತ್ರೆಯಲ್ಲಿ ಡಾಕ್ಟರು ಸಮಾಧಾನವಾಗಿ ಮಾತಾಡಿದರು. ಅವರ ದನಿಯ ಮೆದುತನ ಕೇಳಿಯೇ ನನಗೆ ಅರ್ಥವಾಯಿತು. ನಾನು ಅಲ್ಲಿ ಮಲಗಿದ್ದಾಗ ಯಾರೋ ಮೊಬೈಲಿನಲ್ಲಿ ತೆಗೆದ ವಿಡಿಯೋ ಎರಡು ತಾಲೂಕುಗಳನ್ನೂ ಸುತ್ತಿ ಬಂದಿತ್ತು. ನಮ್ಮ ಮನೆಯವರು ಅದನ್ನು ಮತ್ತೆ ಮತ್ತೆ ನೋಡಿದ್ದರು.

"ನೋಡಿಲ್ಲಿ, ಪಕ್ಕಾ ನಿನ್ನ ಮಾರಿನೇ ನೋಡಾಕತ್ಯಾಳ," ಎಂದು ನಿಲ್ಲಿಸಿ ತೋರಿಸಿದರು. "ಇದಕ್ಕಿಂತ ಇನ್ನೇನ ಬೇಕು?"

ಉಳಿದ ಕಣ್ಣಿನಿಂದ ನೋಡಿದೆ. ಹೌದು, ಅವಳು ನನ್ನ ಕಡೆಗೇ ನೋಡಿದ್ದಳು. ಆದರೆ ನನ್ನ ಹಿಂದಿನಿಂದ ಅವಳ ತಂಡದ ಹುಡುಗಿಯೊಬ್ಬಳು ಗೆರೆಯ ಗುಂಟ ಓಡಿ ಬರುತ್ತಿದ್ದಳು. ಹಾಗೆ ಓಡಿ ಬರುವವಳಿಗೆ ಚೆಂಡು ಕೊಡುವವರೂ ಹಾಗೆಯೇ ನೋಡುತ್ತಾರೆ. ನನ್ನ ಮುಂದೆ ನೆಲದಿಂದ ಚೂರು ಧೂಳು ಎದ್ದಂತಿತ್ತು. ಕಲ್ಲಿಗೆ ತಾಗಿ ಚೆಂಡು ಪುಟಿದಿರಲೂಬಹುದು. ನಿಲ್ಲಿಸಿ ದೊಡ್ಡದು ಮಾಡಿದರೆ ಧೂಳೂ ಚೆಂಡೂ ಒಂದಾಗಿ ಮಸುಕಾಗುತ್ತಿದ್ದವು.

ವಿಚಾರಣೆಗೆ ಒಂದು ಸಮಿತಿ ಕೂತಿತು. ಅವಳು ತಾಯಿಯನ್ನು ಕರೆದುಕೊಂಡು ಬಂದಿದ್ದಳು. ತಾಯಿಯನ್ನು ಒಳಗೆ ಬಿಡಲಿಲ್ಲ. ಅಧ್ಯಕ್ಷರು ವಯಸ್ಸಾದವರು, ಕೆಟ್ಟವರಲ್ಲ, ಬೇಗ ಮುಗಿಸುವ ಆತುರ ಅವರಿಗೆ.

"ಬೇಕಂತ ಹೊಡದಿಯೋ?"

"ಇಲ್ರಿ. ಪಾಸ್ ಕೊಡಾಕ ಹೋಗಿದ್ದೆ."

"ಮೇಡಂ ಮ್ಯಾಲ ಸಿಟ್ಟಿತ್ತೋ ಇಲ್ಲೋ?"

ಅವಳು ನನ್ನನ್ನು ನೋಡಿದಳು. "ಇತ್ರಿ."

ಸುಳ್ಳು ಹೇಳಲು ಅವಳಿಗೆ ಯಾರೂ ಕಲಿಸಿರಲಿಲ್ಲ. ಒಬ್ಬರು ಕುರ್ಚಿಗೆ ಒರಗಿ ಕೂತರು, ಇನ್ನೊಬ್ಬರು ತಲೆಯಾಡಿಸಿದರು. ಆಮೇಲೆ ನನ್ನ ಸರದಿ.

"ನನಗ ಗೊತ್ತಿಲ್ರಿ," ಎಂದೆ.

"ಹಂಗಂದ್ರ ಹ್ಯಾಂಗ್ರಿ ಮೇಡಂ? ಎದುರಿಗಿ ನಿಂತವ್ರು ನೀವು. ಹೌದೋ ಅಲ್ಲೋ, ಒಂದ್ ಹೇಳ್ರಿ."

"ಆಕೀ ನನ್ನ ಕಡೆ ನೋಡಿದ್ದು ಖರೇ. ಯಾಕ ನೋಡಿದ್ಳು ಅಂತ ನಾ ಹ್ಯಾಂಗ ಹೇಳ್ಲಿ?"

ಅಧ್ಯಕ್ಷರು ಕನ್ನಡಕ ತೆಗೆದು ಒರೆಸಿಕೊಂಡರು. "ಕಣ್ಣ ಕಳಕೊಂಡವ್ರೇ ಆಕೀದು ತಪ್ಪಿಲ್ಲ ಅನ್ನವಲ್ರು. ಮತ್ತ ನಾವ್ ಏನ್ ಮಾಡಬೇಕು?"

ನನ್ನ ಗೊತ್ತಿಲ್ಲ ಎಂಬ ಮಾತನ್ನು ಅವರು ಹೌದು ಎಂದು ಓದಿಕೊಂಡರು. ಅವಳು ಎರಡು ಹಂಗಾಮು ಎಲ್ಲಿಯೂ ಆಡುವಂತಿಲ್ಲ ಎಂದಾಯಿತು. ರಾಜ್ಯ ತಂಡದ ತರಬೇತಿಯೂ ಹೋಯಿತು. ಮೆಟ್ಟಿಲು ಇಳಿಯುವಾಗ ಸಮಿತಿಯವರೊಬ್ಬರು ನನ್ನ ಕಿವಿಯ ಹತ್ತಿರ, "ಅವ್ರ ಮಂದೀನೇ ಹಂಗ ಬಿಡ್ರಿ," ಎಂದರು. ಅತ್ತ ಮಂಠಾಳ ಕಡೆಯಲ್ಲಿ, ಅವಳು ಬೇರೆ ಮನೆಯಲ್ಲಿ ಹುಟ್ಟಿದ್ದರೆ ಈ ಶಿಕ್ಷೆ ಆಗುತ್ತಿರಲಿಲ್ಲ ಎಂದು ಮಾತಾಡಿಕೊಂಡರಂತೆ. ಆ ಮಾತನ್ನು ತಳ್ಳಿಹಾಕುವ ಧೈರ್ಯ ನನಗಿಲ್ಲ. ಎಲ್ಲರಿಗೂ ಎಲ್ಲ ಖಾತ್ರಿಯಾಗಿ ಗೊತ್ತಿತ್ತು.

ಹೊಲಗಳಲ್ಲಿ ಸೋಯಾ ಕೊಯ್ದು ಬರೀ ತೊಗರಿ ನಿಂತಿದ್ದ ಸಮಯದಲ್ಲಿ ನಾನು ಹುಡುಗಿಯ ಮನೆಗೆ ಹೋದೆ. ಯಾಕೆ ಹೋದೆನೆಂದು ನಮ್ಮ ಮನೆಯವರಿಗೆ ಹೇಳಲು ಬರಲಿಲ್ಲ. ಗೋಡೆಯ ಮೇಲೆ ಬುದ್ಧನ ಪಟ, ಅದರ ಕೆಳಗೆ ಮೊಳೆಗೆ ನೇತುಹಾಕಿದ ಅವಳ ಪದಕಗಳು. ತಾಯಿ ಚಾಪೆ ಹಾಸಿದಳು.

"ಬರ್ರಿ, ಕುಂದರ್ರಿ. ಕಣ್ಣ ಹ್ಯಾಂಗದ ಈಗ?"

"ಹಂಗೇ ಅದವ್ವ."

ಚಹಾ ತಂದಿಟ್ಟಳು. ನಾನು ಲೋಟ ಎತ್ತುವ ಮೊದಲೇ ಕೇಳಿದಳು: "ಮೇಡಂ, ನನ್ ಮಗಳ ಮ್ಯಾಲ ನಿಮಗ ಶಕ್ ಅದ ಏನ್ರಿ?"

ಸುಳ್ಳು ಹೇಳಿಬಿಡಬೇಕೆಂದು ಬಾಯಿ ತೆರೆದೆ. "ಗೊತ್ತಿಲ್ಲವ್ವ," ಎಂದೇ ಬಂತು.

"ಹಂಗಾರ ಯಾಕ ಬಂದ್ರಿ?"

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ದಣಿದಿದ್ದಳು. ಚಹಾ ಕುಡಿದು ಎದ್ದೆ.

ಹುಡುಗಿ ಬಸ್ಸಿನ ತನಕ ಬಂದಳು. ಬೇವಿನ ಮರದ ಕೆಳಗೆ ನಿಂತಾಗ ತಲೆ ತಗ್ಗಿಸಿಕೊಂಡೇ ಶುರು ಮಾಡಿದಳು.

"ನಮ್ಮವ್ವಗ ಹೇಳಿಲ್ರಿ ಇದು. ಯಾರಿಗೂ ಹೇಳಿಲ್ಲ. ಪಾಸ್ ಕೊಡಬೇಕಂತನೇ ಸ್ಟಿಕ್ ಎತ್ತಿದ್ದೆ. ಅಷ್ಟ ನನಗ ನೆನಪದ. ಆದ್ರ ನೀವು ಬಿದ್ರಲ್ಲ, ಆವಾಗ ಒಂದ್ ಗಳಿಗಿ ಎದಿ ತಣ್ಣಗಾಯ್ತ್ರಿ ಮೇಡಂ. ಹೆದರಿಕಿ ಆಮ್ಯಾಲ ಬಂತು."

ಚಪ್ಪಲಿಯ ತುದಿಯಿಂದ ಉದುರಿದ ಬೇವಿನ ಎಲೆಗಳನ್ನು ಸರಿಸಿದಳು.

"ತಣ್ಣಗ ಯಾಕಾಯ್ತು? ಬೇಕಂತ ಹೊಡದಿಲ್ಲ ಅಂದ್ರ ತಣ್ಣಗ ಯಾಕ ಆಗಬೇಕು? ಅದೇ ವಿಚಾರ ಮಾಡಾಕತ್ತೀನ್ರಿ. ಈಗ ನನಗೂ ಗೊತ್ತಿಲ್ಲ."

ನಾನು ಅವಳ ಹೆಗಲ ಮೇಲೆ ಕೈ ಇಟ್ಟೆ. ಅವಳು ಅಳಲಿಲ್ಲ. ಅತ್ತಿದ್ದರೆ ಸಂತೈಸುವ ಕೆಲಸವಾದರೂ ನನಗೆ ಸಿಗುತ್ತಿತ್ತು. ಬಸ್ಸು ಬಂತು, ಹತ್ತಿದೆ. ಹುಮನಾಬಾದ್ ಮುಟ್ಟುವವರೆಗೂ ಕಿಟಕಿಗೆ ತಲೆ ಕೊಟ್ಟು ಕೂತಿದ್ದೆ. ಚೆಂಡು ಬಡಿದದ್ದು ನನಗೆ. ಆದರೆ ಒಳಗೆ ಮುರಿದು ಬಿದ್ದದ್ದು ಅವಳಲ್ಲಿ, ಅದಕ್ಕೆ ಯಾವ ಊರಿನಲ್ಲೂ ಆಸ್ಪತ್ರೆ ಇಲ್ಲ ಎನಿಸಿತು.

ಆಮೇಲೆ ನಾನು ಸಮಿತಿಯವರ ಬಳಿ ಹೋಗಿ ಶಿಕ್ಷೆ ಕಡಿಮೆ ಮಾಡಿ ಎಂದು ಬೇಡಿಕೊಂಡೆ. ಹೊಸದೇನಾದರೂ ಹೇಳುವುದಿದೆಯೇ ಎಂದು ಕೇಳಿದರು. ಬೇವಿನ ಮರದ ಕೆಳಗೆ ಕೇಳಿದ್ದನ್ನು ಅಲ್ಲಿ ಹೇಳುವುದು ಹೇಗೆ? ಹೇಳಿದ್ದರೆ ಅವಳ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಎದ್ದು ಬಂದೆ.

ಶಿಕ್ಷೆಯ ಅವಧಿ ಮುಗಿದ ವರ್ಷ ಹುಮನಾಬಾದಿನ ಮೈದಾನದಲ್ಲಿ ಜಿಲ್ಲಾ ತಂಡದ ಆಯ್ಕೆ ನಡೆಯಿತು. ಅವಳು ಬಂದಿದ್ದಳು. ನಾನು ಅಂಪೈರ್ ಕೆಲಸ ಬಿಟ್ಟಾಗಿತ್ತು. ಒಂದೇ ಕಣ್ಣಿಗೆ ಚೆಂಡಿನ ದೂರ ತಿಳಿಯುವುದಿಲ್ಲ. ಕಟ್ಟೆಯ ಮೇಲೆ ಕೂತು ನೋಡಿದೆ. ಓಟ ಮೊದಲಿನಂತೆಯೇ ಇತ್ತು. ಎದುರಾಳಿಯಿಂದ ಚೆಂಡು ಕಸಿಯುವ ಚುರುಕೂ ಇತ್ತು. ಮೈ ಎಲ್ಲ ಹಿಗ್ಗಿತು ನನಗೆ. ಚೆಂಡು ಪಕ್ಕದ ಗೆರೆಯ ಹತ್ತಿರ ಬಂತು, ಅಂಪೈರ್ ಹುಡುಗ ಅಲ್ಲಿಗೆ ಓಡಿದ. ಅವಳು ಸ್ಟಿಕ್ಕು ಎತ್ತಲಿಲ್ಲ. ನೆಲಕ್ಕೆ ಒರಸಿದಂತೆ ಚೆಂಡನ್ನು ಮೆಲ್ಲಗೆ ದೂಡಿದಳು. ಎದುರಿನವರು ತೆಗೆದುಕೊಂಡು ಹೋದರು. ಮತ್ತೊಮ್ಮೆಯೂ ಹಾಗೆಯೇ. ಗೋಲು ಬರಿದಾಗಿದ್ದಾಗಲೂ ಮೊದಲು ಅಂಪೈರ್ ಎಲ್ಲಿದ್ದಾನೆಂದು ಹುಡುಕಿ, ಆಮೇಲೆ ದೂಡಿದಳು.

ನಾನು ಎದ್ದು ನಿಂತು ಕೂಗಿದೆ. "ಹೊಡಿ! ಹೊಡಿಯವ್ವ!"

ಅವಳು ನನ್ನ ಕಡೆ ತಿರುಗಿದಳು. ಚೆಂಡು ಅವಳ ಕಾಲ ಪಕ್ಕದಲ್ಲೇ ಹಾದುಹೋಯಿತು. ಕೋಚ್ ಅವಳನ್ನು ಹೊರಗೆ ಕರೆದರು.

ನಲ್ಲಿಯ ಹತ್ತಿರ ಮುಖ ತೊಳೆಯುತ್ತಿದ್ದಳು. ಹೋಗಿ ಪಕ್ಕದಲ್ಲಿ ನಿಂತೆ.

"ಕೈ ಏಳವಲ್ದು ಮೇಡಂ," ಎಂದಳು. "ಮನ್ಯಾಗ ಒಬ್ಬಾಕಿನೇ ಹೊಡದ್ರ ಬರೋಬರಿ ಬರ್ತದ. ಇಲ್ಲಿ ಏಳವಲ್ದು."

ಇಷ್ಟು ದಿನ ಯಾರಿಗೂ ಹೇಳದ ಮಾತನ್ನು ಅವಳಿಗೆ ಹೇಳಿಬಿಡೋಣ ಎಂದುಕೊಂಡೆ. "ನೋಡವ್ವ, ನೀ ಬೇಕಂತ ಹೊಡದಿಲ್ಲ. ನನಗ ಗೊತ್ತದ."

ಅವಳು ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡು ನನ್ನನ್ನು ನೋಡಿದಳು. ಇಪ್ಪತ್ತು ದಾಟಿದ ಮುಖದಲ್ಲಿ ಅವಳ ತಾಯಿಯ ದಣಿವು ಬಂದು ಕೂತಿತ್ತು.

"ನೀವಾರ ಸುಳ್ಳ ಹೇಳಬ್ಯಾಡ್ರಿ," ಎಂದಳು.

ಅವಳು ಬಸವಕಲ್ಯಾಣದ ಬಸ್ಸು ಹಿಡಿದು ಹೋದಳು. ಸಂಜೆ ಆಯ್ಕೆಯಾದವರ ಹೆಸರು ಓದಿದಾಗ ಅವಳ ಹೆಸರು ಇರಲಿಲ್ಲ. ಇರುತ್ತದೆಂದು ಯಾರೂ ಕಾಯಲೂ ಇಲ್ಲ. ಈಗ ಬಸವಕಲ್ಯಾಣದ ಬಟ್ಟೆ ಅಂಗಡಿಯೊಂದರಲ್ಲಿ ಕೆಲಸ ಮಾಡುತ್ತಾಳೆ ಎಂದು ಕೇಳಿದ್ದೇನೆ. ಅಂಗಡಿ ಎಲ್ಲಿದೆ ಎಂಬುದೂ ಗೊತ್ತು. ಒಂದೆರಡು ಸಲ ಆ ರಸ್ತೆಯ ತುದಿಯವರೆಗೆ ಹೋಗಿ, ಒಳಗೆ ಹೋದರೆ ಅವಳಿಗೆ ಏನು ಹೇಳಬೇಕೆಂದು ತಿಳಿಯದೆ ತಿರುಗಿ ಬಂದಿದ್ದೇನೆ.