ಬೀಗ ಹಾಕಿದ ಮನೆಯ ಕದಿರು

ನಮ್ಮ ಮನೆಯಿಂದ ಇಂಜಿನಿಯರ್ ಹುಟ್ಟುವುದು ಸಾಧ್ಯವೇ ಇಲ್ಲ ಎಂದವರು ಬಿಜೂರಿನ ದೊಡ್ಡಮನೆಯ ಹಿರಿಯ ಒಡೆಯರು. "ಹ್ವಾಯ್, ನೆಟ್ಟಿ ನೆಡುವವ್ರ ಮನಿಯಂಗೆ ಇಂಜಿನಿಯರಾ?" ಎಂದು ಅಂಗಳದಲ್ಲಿ ಎಲ್ಲರೆದುರು ನಕ್ಕಿದ್ದರು. ಸತ್ತವರು ಬಂದುಹೋಗುವುದು ಸಾಧ್ಯವೇ ಇಲ್ಲ ಎಂದವಳು ನಾನು. ನಮ್ಮಲ್ಲಿ ಮೊದಲು ಡಿಗ್ರಿ ಪಡೆದವಳು. ಯಾರಾದರೂ ಇಂಥ ಕತೆ ಶುರುಮಾಡಿದರೆ ಎದ್ದೇ ಹೋಗುತ್ತಿದ್ದೆ. ಈಗ ನಂಬುತ್ತೀಯಾ ಎಂದು ಕೇಳಬೇಡಿ. ಆದದ್ದನ್ನು ಹೇಳುತ್ತೇನೆ, ಅಷ್ಟೆ.

ಒಡೆಯರು ತೀರಿಕೊಂಡ ಮೇಲೆ, ಮುಂಬೈಯಲ್ಲಿ ಹೋಟೆಲ್ ಇಟ್ಟಿರುವ ಅವರ ಮಗ ಆ ಹಳೆಯ ಮನೆಯನ್ನು ಚೆಂದಕ್ಕೆ ರಿಪೇರಿ ಮಾಡಿಸಿ ಮಾರಾಟಕ್ಕಿಟ್ಟರು. ಕೊಳ್ಳುವವರು ಮರಮಟ್ಟು ಗಟ್ಟಿಯಿದೆ ಎಂದು ಇಂಜಿನಿಯರ್ ಸರ್ಟಿಫಿಕೇಟ್ ಕೇಳಿದರು. ಕೆಲಸ ನನಗೆ ಬಂತು. ಕುಂದಾಪುರದಲ್ಲಿ ನಾನು ಸ್ವಂತ ಆಫೀಸು ತೆರೆದ ಹೊಸತು. ನನ್ನ ಹೆಸರಿನಲ್ಲಿ ಹೊರಡುವ ಮೊದಲ ಸರ್ಟಿಫಿಕೇಟ್. ತಪ್ಪಿದರೆ ಮತ್ತೆ ಯಾರೂ ಕರೆಯುವುದಿಲ್ಲ.

ಆ ಮನೆಯ ಒಳಗೆ ನಮ್ಮವರು ಯಾರೂ ಹೋದವರಲ್ಲ. ಹೊಸ ಅಕ್ಕಿ ಉಣ್ಣುವ ಹೊಸ್ತಿನ ಹಬ್ಬಕ್ಕೆ ಗದ್ದೆಯಿಂದ ಮೊದಲ ಕದಿರು, ಅಂದರೆ ಭತ್ತದ ತೆನೆ, ಕೊಯ್ದು ತರುವವಳು ನನ್ನ ಅಜ್ಜಿ. ಒಡೆಯರ ಅಂಗಳದ ತುಳಸಿಕಟ್ಟೆಯ ಬುಡದಲ್ಲಿಟ್ಟು ಹಿಂದಿರುಗಬೇಕು. ಕಂಬಕ್ಕೆ ಕಟ್ಟುವುದು ಒಳಗಿನವರು. "ಅವ್ರಿಗೆ ಕಂಬ ಎಣ್ಸುಕೇ ಒಂದ್ ಆಳ್ ಬೇಕ್. ನಮ್ದ್ ಒಂದೇ, ಬೇಗ ಮುಗಿತ್ತ್" ಎನ್ನುತ್ತಾ ನಮ್ಮ ಮನೆಯ ಕಂಬಕ್ಕೆ ಕಟ್ಟುತ್ತಿದ್ದಳು. ಎಡಗೈಯವಳು, ಗಂಟು ಎಡಕ್ಕೆ ತಿರುಗುತ್ತಿತ್ತು. ನನಗೂ ಅದನ್ನೇ ಕಲಿಸಿದ್ದಳು. ನಾರಿನ ತುದಿ ಎಳೆದರೆ ಬಿಚ್ಚಿಕೊಳ್ಳುತ್ತದೆ. ಅವಳು ಹೋಗಿ ಎಷ್ಟೋ ವರ್ಷವಾಯಿತು.

ಅದು ಮೇ ತಿಂಗಳ ಮಧ್ಯಾಹ್ನ. ಕಾವಲಿನ ಸೂರಣ್ಣ ಬೀಗ ತೆಗೆದು ಜಗಲಿಯಲ್ಲೇ ಕೂತ. ನಾನು ಸುತ್ತಿಗೆಯಲ್ಲಿ ಕಂಬಗಳನ್ನೆಲ್ಲ ಬಡಿದು ಸದ್ದು ಕೇಳಿದೆ. ಅಟ್ಟ ಹತ್ತಿ ತೊಲೆ ನೋಡಿ ಇಳಿದೆ. ಆಗಷ್ಟೇ ಬಡಿದಿದ್ದ ನಡುಮನೆಯ ಕಂಬದಲ್ಲಿ ಕದಿರು ಕಟ್ಟಿದ್ದು ಕಂಡೆ. ಮಾವಿನೆಲೆ, ಹಲಸಿನೆಲೆ, ನಡುವೆ ಹಸಿ ಕದಿರು, ಕೊಯ್ದ ದಂಟಿನ ಬುಡದಲ್ಲಿ ಇನ್ನೂ ನೀರು. ಗಂಟು ಎಡಕ್ಕೆ ತಿರುಗಿತ್ತು.

ಕೂಗಿದೆ. ಸೂರಣ್ಣ ಬಂದು ನೋಡಿ ತಲೆಯ ಮುಂಡಾಸು ಕೈಗೆ ತೆಗೆದುಕೊಂಡ. "ಈ ಸೆಕೆಯಂಗೆ ಕದ್ರ್ ಎಲ್ಲಿಂದ ಸಿಕ್ಕುದ್ ಮೇಡಂ? ಗದ್ದೆಯಂಗೆ ಹುಲ್ಲೂ ಇಲ್ಲ. ನಾ ಬಾಗ್ಲ್ ಬಿಟ್ಟ್ ಎದ್ದದ್ದೇ ಇಲ್ಲ." ಹಿಂಬಾಗಿಲಿಗೆ ಒಳಗಿನಿಂದ ಅಗಳಿ ಹಾಕಿಯೇ ಇತ್ತು.

ತುದಿ ಎಳೆದೆ. ಗಂಟು ಬಿಗಿಯಿತು. ಮತ್ತೆ ಎಳೆದೆ, ಇನ್ನೂ ಬಿಗಿಯಿತು. ಕತ್ತಿ ತರಲೇ ಎಂದು ಸೂರಣ್ಣ ಕೇಳಿದ. ನಾನು ನಾರು ಬಿಟ್ಟು ಹಿಂದೆ ಸರಿದೆ. ಓದಿದ್ದೆಲ್ಲ ತಲೆಯಲ್ಲಿತ್ತು, ಒಂದೂ ಕೈಗೆ ಬರಲಿಲ್ಲ. ಹಾಗೇ ಬಾಗಿಲು ಹಾಕಿ ಬಂದೆವು.

ಮರ ಗಟ್ಟಿಯಿದೆ ಎಂದು ಬರೆದೆ. ಅದು ನಿಜ. ಇನ್ನೊಂದು ನಿಜವನ್ನು ಹೇಗೆ ಬರೆಯಬೇಕೋ ತಿಳಿಯಲಿಲ್ಲ. ವಾರ ಕಳೆದು ಒಡೆಯರ ಮಗ ಬಂದಾಗ ಅದೇ ನಡುಮನೆಯಲ್ಲಿ ಸರ್ಟಿಫಿಕೇಟ್ ಅವರ ಕೈಗೆ ಕೊಟ್ಟೆ. ಕದಿರು ಬಾಡಿರಲಿಲ್ಲ. "ಡೆಕೋರೇಶನ್ ಲಾಯ್ಕಾಯ್ತ್, ಯಾರ್ ಕಟ್ಟಿದ್ದ್?" ಎಂದು ಕೇಳಿದರು.

ಸಂಜೆ ಅಮ್ಮನಿಗೆ ಎಲ್ಲ ಹೇಳಿ, ಇದು ಹೇಗಾಯಿತು ಎಂದೆ. ಅಮ್ಮ ಮೀನು ಕೊಯ್ಯುತ್ತಿದ್ದಳು, ತಲೆ ಎತ್ತಲಿಲ್ಲ.

"ಅಜ್ಜಿಗೆ ಬಾಗ್ಲ್ ತೆಗ್ಸಿದ್ದ್ ನೀನೇ ಅಲ್ದಾ? ಮತ್ತೆಂತ ಕೇಳ್ತೆ ಹೆಣ್ಣೇ?"