ಪಾಕ ನೋಡಿ ಆರಿಸಿದ ಎಂಜಿನ್ ಆಯಿಲ್

ಆಗೆಲ್ಲ ಮುಂಬೈಯ ಮುಲುಂಡಿನ ನಮ್ಮ ಬಿಲ್ಡಿಂಗಿನಲ್ಲಿ ಯಾರಾದರೂ ಕಾರಿನ ಬಾನೆಟ್ ಎತ್ತಿದರೆ ಸಾಕು, ನಾವು ಮಕ್ಕಳು ಲಗೋರಿ ಬಿಟ್ಟು ಓಡುತ್ತಿದ್ದೆವು. ಒಂದು ಬೇಸಿಗೆಯಲ್ಲಿ ಅಂಥ ಕಾರು ನಮ್ಮ ಮನೆಗೇ ಬಂತು. ಉಡುಪಿ ಹೋಟೆಲಿನಲ್ಲಿ ಮಿಠಾಯಿ ಮಾಡುತ್ತಿದ್ದ ಅಪ್ಪನಿಗೆ ಬಾಣಲೆಯ ಹೊಗೆಯಿಂದ ಕೆಮ್ಮು ಹತ್ತಿತ್ತು. ಅಡುಗೆಮನೆ ಬಿಟ್ಟು ಬಾಡಿಗೆ ಕಾರು ಓಡಿಸುವುದೆಂದು ಸೆಕೆಂಡ್ ಹ್ಯಾಂಡ್ ಗಾಡಿ ಕೊಂಡರು. ಅವರ ಅಂಗಿಯ ತುಪ್ಪ, ಏಲಕ್ಕಿಯ ಪರಿಮಳ ಹೋಗುತ್ತದಲ್ಲ ಎಂದು ನನಗೆ ಬೇಸರ. ಕೆಮ್ಮು ನಿಂತರೆ ಸಾಕಪ್ಪಾ ಎಂದು ಅಮ್ಮ.

ಮೊದಲ ಸಲ ಎಂಜಿನ್ ಆಯಿಲ್ ಬದಲಿಸುವಾಗ ನನ್ನನ್ನೂ ಗ್ಯಾರೇಜಿಗೆ ಕರೆದೊಯ್ದರು. ಮನೆಯಲ್ಲಿ ಇಂಗ್ಲಿಷ್ ಬರುತ್ತಿದ್ದದ್ದು ಐದನೇ ಕ್ಲಾಸಿನ ನನಗೊಬ್ಬಳಿಗೇ! ಕಾರಿನ ಪುಸ್ತಕ ಓದಿ ಯಾವ ಆಯಿಲ್ ಹಾಕಬೇಕೆಂದು ಅದರ ನಂಬರು ಹೇಳಿದೆ: ಐದು, ಡಬ್ಲ್ಯೂ, ಮೂವತ್ತು.

"ಡಬ್ಲ್ಯೂ ಅಂದ್ರೆ ಎಂತ ಮಗಾ?"

"ವಿಂಟರ್ ಅಂತ ಉಂಟಪ್ಪಾ. ಚಳಿಗಾಲ."

"ಮುಂಬೈಯಲ್ಲಿ ಚಳಿ ಎಲ್ಲುಂಟು ಮಾರಾಯ್ತಿ!"

ಅಪ್ಪ ಎರಡು ಡಬ್ಬಿಗಳಿಂದ ಒಂದೊಂದು ಹನಿ ತೆಗೆದು, ಸಕ್ಕರೆ ಪಾಕ ನೋಡುವಂತೆ ಎರಡು ಬೆರಳ ನಡುವೆ ಎಳೆದರು. ಪುಸ್ತಕದಲ್ಲಿ ಹೇಳಿದ ಆಯಿಲ್ ಜಾರಿಹೋಯಿತು. ಇಪ್ಪತ್ತು-ಐವತ್ತು ಎಂದು ಬರೆದಿದ್ದ ದಪ್ಪನೆಯದು ಬೆರಳಿಗೆ ಅಂಟಿತು.

"ಬಿಸಿಗೆ ಹೇಗೂ ತೆಳು ಆಗ್ತದೆ. ಮೊದಲೇ ದಪ್ಪ ಇರ್ಬೇಕು, ಅಲ್ವಾ?"

"ಅಣ್ಣಾ, ಕಿತಾಬ್ ಮೇ ಜೋ ಲಿಖಾ ಹೈ, ವಹೀ ಡಾಲೋ," ಪುಸ್ತಕದಲ್ಲಿ ಬರೆದದ್ದನ್ನೇ ಹಾಕಿ ಎಂದ ಮೆಕ್ಯಾನಿಕ್.

ಅಪ್ಪ ನನ್ನ ಮುಖ ನೋಡಿದರು. ನನಗೆ ಇಬ್ಬರದ್ದೂ ಸರಿ ಅನಿಸಿತು. ತಲೆಬುಡ ತಿಳಿಯದೆ ಅಪ್ಪನಿಗೆ ಹೂಂ ಎಂದುಬಿಟ್ಟೆ.

ದಪ್ಪನೆಯದನ್ನೇ ಹಾಕಿಸಿದ ಮೇಲೆ ಬೆಳಗ್ಗೆ ಸ್ಟಾರ್ಟ್ ಮಾಡಿದರೆ ಕಾರು ಗೊಣಗುತ್ತಿತ್ತು, ಪೆಟ್ರೋಲನ್ನೂ ಹೆಚ್ಚು ಕುಡಿಯುತ್ತಿತ್ತು. ಮಳೆಗಾಲ ಮುಗಿಯುವ ಮೊದಲೇ ಅಪ್ಪ ಅದನ್ನು ಮಾರಿ ಮತ್ತೆ ಹೋಟೆಲಿನ ಬಾಣಲೆಯ ಮುಂದೆ ನಿಂತರು. ಅವರು ಕೆಮ್ಮಿದಾಗಲೆಲ್ಲ ನನಗೆ ಆ ಹೂಂ ನೆನಪಾಗುತ್ತಿತ್ತು.

ಕಾಲೇಜಿಗೆ ಬಂದ ಮೇಲೆ, ಕಾರು ಮಾರಿದ್ದು ಆ ಆಯಿಲಿಂದಲೇ ಎಂದು ಧೈರ್ಯ ಮಾಡಿ ಕೇಳಿದೆ.

"ಆಯಿಲಿಂದ ಅಲ್ಲ ಮಗಾ," ಅಂದರು. "ಹೈವೇಯಲ್ಲಿ ಟ್ರಕ್ ಕಂಡ್ರೆ ಹೆದರಿ ಗಾಡಿ ಬದಿಗೆ ನಿಲ್ಲಿಸ್ತಿದ್ದೆ. ಅಮ್ಮನ ಹತ್ರ ಹೇಳ್ಬೇಡ."

ಈಗ ನನಗೂ ಕಾರಿದೆ. ಸರ್ವಿಸ್ ಸೆಂಟರಿನವರು ಕಂಪ್ಯೂಟರ್ ನೋಡಿ ಆಯಿಲ್ ಹಾಕುತ್ತಾರೆ, ನನ್ನನ್ನು ಏನೂ ಕೇಳುವುದಿಲ್ಲ. ಅಷ್ಟು ದೊಡ್ಡ ವಿಷಯಕ್ಕೆ ಹತ್ತು ವರ್ಷದ ಹುಡುಗಿಯ ಅಭಿಪ್ರಾಯ ಕೇಳಿದ ಅಪ್ಪ ಆ ಕೆಮ್ಮಿನಲ್ಲೇ ಹೋದರು. ಅವರಿಗೆ ನಿಜವಾಗಿಯೂ ಟ್ರಕ್ಕಿನ ಹೆದರಿಕೆಯಿತ್ತೋ, ನಾನು ಅಳಬಾರದೆಂದು ಹಾಗೆ ಹೇಳಿದರೋ, ಇವತ್ತಿಗೂ ನನಗೆ ಗೊತ್ತಿಲ್ಲ.